ಎರಡು ಜಾಲಗಳ ನಡುವಿನ ಬಾಗಿಲು
(ಅಲ್ ಮಬೇಲಾದಲ್ಲಿ ನಡೆದ ಕೂಟದಲ್ಲಿ ವೈದ್ಯರೊಬ್ಬರು ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ವಿಷಯ ಬಿಟ್ಟು ವೈದ್ಯನೊಬ್ಬ ಗಣಕಯಂತ್ರಗಳ ಜಾಲದ ಬಗ್ಗೆ ಮಾತನಾಡಲು ನಿಂತಿರುವುದು ತಮಗೆ ವಿಚಿತ್ರವೆನಿಸಬಹುದು. ನಾನು ವಿದೇಶದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದ ಕಾಲದಲ್ಲಿ ಎಕ್ಸ್-ರೇ ಫಿಲ್ಮುಗಳ ಲಕೋಟೆಗಳನ್ನು ಕಂಕುಳಲ್ಲಿ ಇರುಕಿಕೊಂಡು ವಾರ್ಡಿನಿಂದ ವಾರ್ಡಿಗೆ ಓಡಾಡುತ್ತಿದ್ದೆವು. ಇಂದು ಮಬೇಲಾದ ಸಣ್ಣ ಚಿಕಿತ್ಸಾಲಯದಲ್ಲಿ ತೆಗೆದ ಚಿತ್ರವನ್ನು ಮಂಗಳೂರಿನಲ್ಲಿ ಕುಳಿತ ತಜ್ಞರು ಕೆಲವೇ ನಿಮಿಷಗಳಲ್ಲಿ ನೋಡಬಲ್ಲರು. ಈ ನಡುವಿನ ಬಾಗಿಲನ್ನು ಯಾರು ತೆರೆದರು, ಎಷ್ಟು ತೆರೆದರು ಎಂಬುದು ರೋಗಿಯ ಗುಟ್ಟಿಗೆ ಸಂಬಂಧಿಸಿದ ಪ್ರಶ್ನೆಯಾದ್ದರಿಂದ ಅದನ್ನು ಗಣಕ ತಂತ್ರಜ್ಞರಿಗಷ್ಟೇ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಒಮಾನಿನಲ್ಲಿ ನಮಗೆ ಪತ್ರ ಬರುವ ಬಗೆಯನ್ನೇ ನೆನೆದುಕೊಳ್ಳಿ. ಅಂಚೆಯವನು ಮನೆಬಾಗಿಲಿಗೆ ಬರುವುದಿಲ್ಲ. ಕಂಪನಿಗೊಂದು ಅಂಚೆಪೆಟ್ಟಿಗೆ, ಅದಕ್ಕೊಂದು ಸಂಖ್ಯೆ. ಊರಿನಿಂದ ತಾಯಿ ಬರೆಸಿದ ಕಾಗದವೂ ಅದೇ ಪೆಟ್ಟಿಗೆಗೆ, ಬ್ಯಾಂಕಿನ ಪತ್ರವೂ ಅದೇ ಪೆಟ್ಟಿಗೆಗೆ. ಕಚೇರಿಯ ಗುಮಾಸ್ತ ಅವನ್ನು ವಿಂಗಡಿಸಿ ಹಂಚುತ್ತಾನೆ. ಮನೆಯ ರೌಟರ್ ಮಾಡುವುದೂ ಇದನ್ನೇ. ಒಳಗಿನ ಯಂತ್ರಗಳಿಗೆ 192.168 ಅಥವಾ 10ರಿಂದ ಆರಂಭವಾಗುವ ಖಾಸಗಿ ವಿಳಾಸಗಳು. ಇವುಗಳನ್ನು ಈ ಬಳಕೆಗೆಂದೇ ಮೀಸಲಿಟ್ಟ ಇಂದಿನ ನಿಯಮ 1996ರದು. ಹೊರಗಿನ ಪ್ರಪಂಚಕ್ಕೆ ಕಾಣುವುದು ರೌಟರಿನ ಒಂದೇ ವಿಳಾಸ. ಒಳಗಿನವರು ತಾವಾಗಿ ಬರೆದ ಕಾಗದಕ್ಕೆ ಉತ್ತರ ಬಂದರೆ ಗುಮಾಸ್ತನಿಗೆ ಅದು ಯಾರದೆಂದು ನೆನಪಿರುತ್ತದೆ. ಆದರೆ ಹೊರಗಿನವರೇ ಮೊದಲು ಬರೆದರೆ? "ಇಂಥ ಸಂಖ್ಯೆ ಬರೆದ ಲಕೋಟೆ ಬಂದರೆ ಇಂಥವರ ಮೇಜಿಗೆ ಕೊಡು" ಎಂದು ಮುಂಚಿತವಾಗಿ ಹೇಳಿಡಬೇಕು. ಪೋರ್ಟ್ ಫಾರ್ವರ್ಡಿಂಗ್ ಎಂದರೆ ಈ ಅಪ್ಪಣೆಯೇ. ಪೋರ್ಟ್ ಸಂಖ್ಯೆಗಳು 65,535ರವರೆಗೆ ಇವೆ. ಈ ಪದದ ಮೂಲ 'ಬಾಗಿಲು' ಎಂಬ ಅರ್ಥದ ಲ್ಯಾಟಿನ್ 'ಪೋರ್ಟಾ'. ಯಕೃತ್ತಿಗೆ ರಕ್ತನಾಳಗಳು ಹೊಗುವ ಸ್ಥಳವನ್ನು ನಾವು ವೈದ್ಯರು 'ಪೋರ್ಟಾ ಹೆಪಾಟಿಸ್' ಎನ್ನುವುದೂ ಅದರಿಂದಲೇ.

ಈಗ ಒಂದು ಚಿಕಿತ್ಸಾಲಯವನ್ನು ಕಲ್ಪಿಸಿಕೊಳ್ಳೋಣ. ಸ್ವಾಗತಕಾರರ, ವೈದ್ಯರ ಯಂತ್ರಗಳು 192.168.1 ಜಾಲದಲ್ಲಿವೆ. ಎಕ್ಸ್-ರೇ ಯಂತ್ರ ಮತ್ತು ಚಿತ್ರಭಂಡಾರ 10.10.10 ಜಾಲದಲ್ಲಿವೆ. ನಡುವೆ ಎರಡು ಜಾಲಕಾರ್ಡುಗಳಿರುವ ಹಳೆಯ ಗಣಕವೊಂದು ಲಿನಕ್ಸ್ ರೌಟರಾಗಿ ನಿಂತಿದೆ. ಹೊರಮುಖದ ವಿಳಾಸ 192.168.1.2, ಒಳಮುಖದ್ದು 10.10.10.1. ಚಿತ್ರಭಂಡಾರ 10.10.10.20ರಲ್ಲಿದ್ದು, ವೈದ್ಯಕೀಯ ಚಿತ್ರಗಳಿಗೆ ರೂಢಿಯಾದ ಡೈಕಾಮ್ ಪೋರ್ಟ್ 104ರಲ್ಲಿ ಆಲಿಸುತ್ತಿದೆ.

ರೌಟರಿನಲ್ಲಿ ಆಗಬೇಕಾದದ್ದು ಮೂರು ಕೆಲಸ. ಒಂದು ಕಾರ್ಡಿನಿಂದ ಬಂದದ್ದನ್ನು ಇನ್ನೊಂದಕ್ಕೆ ದಾಟಿಸಲು ಲಿನಕ್ಸಿಗೆ ಅನುಮತಿ ಕೊಡಬೇಕು. ಸಾಮಾನ್ಯವಾಗಿ ಅದು ತಾನಾಗಿ ದಾಟಿಸುವುದಿಲ್ಲ. 'ಪ್ರೀರೌಟಿಂಗ್' ಎಂಬ ಹಂತದಲ್ಲಿ, 192.168.1.2ರ 104ಕ್ಕೆ ಬಂದ ಪೊಟ್ಟಣದ ಮೇಲಿನ ವಿಳಾಸವನ್ನು ಅಳಿಸಿ 10.10.10.20 ಎಂದು ಬರೆಸಬೇಕು. ಬಳಿಕ 'ಫಾರ್ವರ್ಡ್' ಹಂತದ ಕಾವಲುಗಾರ ಅದನ್ನು ಬಿಡುವಂತೆ ಮಾಡಬೇಕು. ಈ ಕಾವಲುಗಾರ ನೋಡುವುದು ಬದಲಾದ ವಿಳಾಸವನ್ನು. ಆದ್ದರಿಂದ ಅವನ ಪಟ್ಟಿಯಲ್ಲಿ ಒಳಗಿನ ವಿಳಾಸವೇ ಇರಬೇಕು. 2001ರಲ್ಲಿ ಬಂದ ಐಪಿಟೇಬಲ್ಸ್ ಆಗಲಿ, 2014ರಲ್ಲಿ ಲಿನಕ್ಸನ್ನು ಸೇರಿದ ಎನ್‌ಎಫ್‌ಟೇಬಲ್ಸ್ ಆಗಲಿ, ತತ್ತ್ವ ಒಂದೇ.

ಇಷ್ಟಾದರೂ ಚಿತ್ರ ಬಾರದಿರುವುದುಂಟು. ಇಲ್ಲಿಯೇ ಅನೇಕರು ಸೋತು, ಕಂಡ ಕಂಡ ಬಾಗಿಲುಗಳನ್ನೆಲ್ಲ ತೆರೆದುಬಿಡುತ್ತಾರೆ. ಯಂತ್ರ ಮಾರಿದವರು ದುರಸ್ತಿಗೆಂದು ಚಿತ್ರಭಂಡಾರಕ್ಕೆ ಬೇರೊಂದು ಸಂಪರ್ಕ ಕೊಟ್ಟು, 10.10.10.254ನ್ನು ಅದರ ಹೆಬ್ಬಾಗಿಲನ್ನಾಗಿ ಮಾಡಿದ್ದಾರೆ ಎಂದುಕೊಳ್ಳಿ. ವೈದ್ಯರ ಕೋರಿಕೆ ನಮ್ಮ ರೌಟರಿನ ಮೂಲಕ ಒಳಕ್ಕೆ ಹೋಯಿತು. ಉತ್ತರ ಮಾತ್ರ ಆ ಇನ್ನೊಂದು ಬಾಗಿಲಿನಿಂದ ಹೊರಟುಹೋಯಿತು. ಅದು ವೈದ್ಯರ ಯಂತ್ರವನ್ನು ತಲುಪಿದರೂ ಫಲವಿಲ್ಲ. ನೀವು ಮಾವನಿಗೆ ಕಾಗದ ಬರೆದಿರುವಾಗ ಅಪರಿಚಿತನೊಬ್ಬ ಉತ್ತರ ಬರೆದರೆ ಓದುತ್ತೀರಾ? ಬದಲಾಯಿಸಿದ ವಿಳಾಸವನ್ನು ಮೊದಲಿನಂತೆ ತಿದ್ದಬೇಕಾದ ಗುಮಾಸ್ತನ ಕೈಗೆ ಉತ್ತರ ಸಿಗಲೇ ಇಲ್ಲ.

ಪತ್ತೆಗೆ 'ಟಿಸಿಪಿಡಂಪ್' ಎಂಬ ಸ್ಟೆತಸ್ಕೋಪಿದೆ. ಎದೆಯ ಎರಡೂ ಬದಿ ಆಲಿಸುವಂತೆ ಎರಡೂ ಕಾರ್ಡುಗಳಲ್ಲಿ ಆಲಿಸಬೇಕು. ಒಳಮುಖದಿಂದ ಪೊಟ್ಟಣ ಹೊರಟದ್ದು ಕಂಡು, ಮರಳಿದ್ದು ಕಾಣದಿದ್ದರೆ ಮೊದಲು ಸಂಶಯಿಸಬೇಕಾದದ್ದು ಹಿಂದಿರುಗುವ ದಾರಿಯನ್ನು.

ಪರಿಹಾರ ಎರಡು. ರೌಟರ್ ಕಳುಹಿಸಿದವರ ವಿಳಾಸವನ್ನೂ ಅಳಿಸಿ ತನ್ನದನ್ನೇ ಬರೆಯುವುದು ಒಂದು. ಕೆಲಸ ಕೂಡಲೇ ಆಗುತ್ತದೆ. ಆದರೆ ಚಿತ್ರಭಂಡಾರದ ದಿನಚರಿಯಲ್ಲಿ ಯಾರೇ ಬಂದರೂ ರೌಟರಿನ ವಿಳಾಸವೇ ದಾಖಲಾಗುತ್ತದೆ. ಯಾವ ರೋಗಿಯ ಚಿತ್ರವನ್ನು ಯಾವ ಯಂತ್ರದಿಂದ ತೆರೆದರೆಂದು ನಾಳೆ ಯಾರಾದರೂ ಕೇಳಿದರೆ ಉತ್ತರ ಹುಡುಕುವುದು ಕಷ್ಟ. ಇನ್ನೊಂದು, 192.168.1 ಜಾಲಕ್ಕೆ ಹೋಗುವ ದಾರಿ 10.10.10.1 ಎಂದು ಚಿತ್ರಭಂಡಾರಕ್ಕೇ ತಿಳಿಸುವುದು. ಯಂತ್ರ ಮಾರಿದವರನ್ನು ಎರಡು ಸಲ ಕಾಡಬೇಕಾದೀತು, ಆದರೂ ನಾನು ಎರಡನೆಯದರ ಪಕ್ಷ. ನಿಯಮಗಳನ್ನು ಉಳಿಸಿಡದಿದ್ದರೆ ವಿದ್ಯುತ್ ಹೋಗಿ ಬಂದೊಡನೆ ಅವು ಅಳಿಸಿಹೋಗುತ್ತವೆ ಎಂಬುದೂ ನೆನಪಿರಲಿ.

ಚಿಕಿತ್ಸಾಲಯದೊಳಗಿನ ಎರಡು ಜಾಲಗಳ ಮಾತು ಇದಾಯಿತು. ಇದೇ ಉಪಾಯವನ್ನು ಅಂತರಜಾಲದ ಕಡೆಗೂ ಮಾಡಿ, ಮಂಗಳೂರಿನ ತಜ್ಞರಿಗಾಗಿ 104ನ್ನು ಲೋಕಕ್ಕೆಲ್ಲ ತೆರೆದಿಡೋಣವೆಂದರೆ ನಾನು ಬೇಡವೆನ್ನುತ್ತೇನೆ. ಡೈಕಾಮ್ ಪದ್ಧತಿಯಲ್ಲಿ ಗುಪ್ತಪದ ಕಡ್ಡಾಯವಲ್ಲ. ಎಷ್ಟೋ ಕಡೆ ಒಂದು ಹೆಸರು ಹೇಳಿದರೆ ಸಾಕು, ಒಳಕ್ಕೆ ಬಿಡುತ್ತದೆ. 2019ರಲ್ಲಿ ಜರ್ಮನಿಯ ಗ್ರೀನ್‌ಬೋನ್ ಸಂಸ್ಥೆ ಹುಡುಕಿದಾಗ ಇಂಥ ಸುಮಾರು 590 ಭಂಡಾರಗಳು ಜಗತ್ತಿಗೆ ತೆರೆದುಕೊಂಡಿದ್ದು, ಸುಮಾರು 2.4 ಕೋಟಿ ರೋಗಿದಾಖಲೆಗಳು ಕೈಗೆಟಕುವಂತಿದ್ದವು. 2020ರ ಆರಂಭದ ವರದಿಯಲ್ಲಿ ಭಾರತದ ರಾಜ್ಯಗಳ ಪೈಕಿ ಮಹಾರಾಷ್ಟ್ರದ ನಂತರದ ಹೆಸರು ನಮ್ಮ ಕರ್ನಾಟಕದ್ದು. ಅಲ್ಲಿ ಯಾರೂ ಬೀಗ ಒಡೆದಿರಲಿಲ್ಲ, ಬೀಗವನ್ನೇ ಹಾಕಿರಲಿಲ್ಲ. ಒಮಾನಿನಲ್ಲಿ 2022ರ 6ನೆಯ ರಾಜಾಜ್ಞೆಯ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾನೂನು 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಆರೋಗ್ಯದ ಮಾಹಿತಿಗೆ ಅದರಲ್ಲಿ ವಿಶೇಷ ಕಟ್ಟುಪಾಡುಗಳಿವೆ.

ಹೊರಗಿನವರಿಗೆ ಗೂಢಲಿಪಿಯ ಸುರಂಗವೇ ಯೋಗ್ಯ. 2020ರಲ್ಲಿ ಲಿನಕ್ಸಿನೊಳಕ್ಕೇ ಸೇರಿದ ವೈರ್‌ಗಾರ್ಡ್ ಒಂದೇ ಪೋರ್ಟಿನಲ್ಲಿ ಕಾಯುತ್ತದೆ. ಸರಿಯಾದ ಕೀಲಿಯಿಲ್ಲದವರು ಬಾಗಿಲು ತಟ್ಟಿದರೆ ಒಳಗೆ ಯಾರೂ ಇಲ್ಲವೆಂಬಂತೆ ಸುಮ್ಮನಿರುತ್ತದೆ. ಈ ದೇಶದಲ್ಲಿ ಇಂಥ ಸುರಂಗಗಳಿಗೆ ನಿಯಮಗಳಿರುವುದರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವನ್ನು ವಿಚಾರಿಸಿಯೇ ಕೈಹಾಕಬೇಕು.

ಮನೆಯಲ್ಲಿ ಪ್ರಯೋಗ ಮಾಡಬಯಸುವ ತರುಣರಿಗೆ ಒಂದು ಮಾತು. ನಿಮ್ಮ ರೌಟರಿನ ಹೊರವಿಳಾಸ 100.64ರಿಂದ 100.127ರ ನಡುವಿದ್ದರೆ ನಿಮ್ಮ ಅಂಚೆಪೆಟ್ಟಿಗೆ ನಿಮ್ಮದೇ ಅಲ್ಲ. ಸೇವೆ ಕೊಡುವ ಕಂಪನಿ ಅದನ್ನು ಹಲವರಿಗೆ ಹಂಚಿದೆ. ಆಗ ರೌಟರಿನಲ್ಲಿ ಎಷ್ಟು ನಿಯಮ ಬರೆದರೂ ಹೊರಗಿನ ಕರೆ ಅದರ ತನಕ ಬರುವುದೇ ಇಲ್ಲ. ರಾತ್ರಿಯೆಲ್ಲ ನಿದ್ದೆಗೆಡುವ ಮೊದಲು ಅದೊಂದನ್ನು ನೋಡಿಕೊಳ್ಳಿ. ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದೇನೆ. ಚಹಾದ ವೇಳೆಯಲ್ಲಿ ಬೇಕಾದವರು ಪಡೆದುಕೊಳ್ಳಬಹುದು.