ಮಳವಳ್ಳಿಯ ಬೆಳಕು, ಮಂಡ್ಯದ ನಿದ್ದೆ



ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿ ಮುಟ್ಟಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿದೀಪಗಳು ಅದೇ ವಿದ್ಯುತ್ತಿನಿಂದ ಹೊತ್ತಿಕೊಂಡವು. ದಿವಾನ್ ಶೇಷಾದ್ರಿ ಅಯ್ಯರ್ ಕೈಗೆತ್ತಿಕೊಂಡ ಈ ಸಾಹಸ ಎಂಜಿನಿಯರಿಂಗ್ ಓದಿದವರಿಗೆಲ್ಲ ಹೆಮ್ಮೆಯ ವಿಷಯ. ವೈದ್ಯರೂ ಅದನ್ನು ನೆನೆಯಬೇಕು, ಹೆಮ್ಮೆ ಬೇರೆ ಬಗೆಯದಾದರೂ. ಮೈಸೂರು ಸೀಮೆಯಲ್ಲಿ ರಾತ್ರಿಯನ್ನು ಹಗಲು ಮಾಡಿಕೊಳ್ಳುವ ಅನುಕೂಲ ಹೊರಟದ್ದು ಈ ಮಂಡ್ಯ ಜಿಲ್ಲೆಯ ನೀರಿನಿಂದ.

ಆ ಅನುಕೂಲದ ಬೆಲೆಯನ್ನು ಈ ಜಿಲ್ಲೆಯ ಮಕ್ಕಳೇ ಈಗ ತೆರುತ್ತಿದ್ದಾರೆ. ಪದವಿ ಮುಗಿಸಿದ ಮಂಡ್ಯ, ಮದ್ದೂರು, ಮಳವಳ್ಳಿಯ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಬೆಂಗಳೂರಿನ ನೈಟ್ ಶಿಫ್ಟ್ ಸೇರುತ್ತಾರೆ. ಅಮೆರಿಕದ ಗ್ರಾಹಕನಿಗೆ ಬೆಳಗಾದಾಗ ಇವರ ಕೆಲಸ ಶುರು. ಇನ್ನು ಕೆಲವರು ಊರಲ್ಲೇ ಮನೆ ಇಟ್ಟುಕೊಂಡು, ತಿಂಗಳ ಪಾಸ್ ಮಾಡಿಸಿ, ಬೆಳಗಿನ ರೈಲಿನಲ್ಲಿ ಹೋಗಿ ರಾತ್ರಿ ವಾಪಸು ಬರುತ್ತಾರೆ. ಅವರ ಮನೆಯ ಹಿರಿಯರೂ ನಿದ್ದೆಯ ವಿಷಯದಲ್ಲಿ ಶ್ರೀಮಂತರೇನಲ್ಲ. ಆಲೆಮನೆಯ ಕೊಪ್ಪರಿಗೆಗೆ ಬೆಂಕಿ ಬೀಳುವುದು ನಸುಕಿಗೂ ಮುಂಚೆ. ಡೇರಿಗೆ ಹಾಲು ಹಾಕುವ ಹೆಂಗಸರು ಕೋಳಿ ಕೂಗುವಾಗ ಕೊಟ್ಟಿಗೆಯಲ್ಲಿರುತ್ತಾರೆ. ನಾಲೆ ನೀರು ಮುಟ್ಟದ ಕಡೆ ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ರೈತ ರಾತ್ರಿಯೇ ಮೋಟರ್ ಹಾಕಲು ಟಾರ್ಚ್ ಹಿಡಿದು ಹೊರಡುತ್ತಾನೆ. ಮದ್ದೂರಿನ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು ಮನೆಮಂದಿಗೆಲ್ಲ ಅಡುಗೆ ಮಾಡಿಟ್ಟು, ಡಬ್ಬಿ ಕಟ್ಟಿಕೊಂಡು ಬಸ್ ಹಿಡಿಯುತ್ತಾಳೆ. ಅವಳ ನಿದ್ದೆ ಎಷ್ಟು ಗಂಟೆಯದೆಂದು ಕೇಳಿದವರು ಕಡಿಮೆ.

ಇವರಿಗೆಲ್ಲ ಬೇಗ ಮಲಗಿ ಎಂದು ಉಪದೇಶಿಸುವುದು ಸುಲಭ, ಅನ್ಯಾಯವೂ ಹೌದು. ಕರೆಂಟಿನ ಹೊತ್ತು, ಶಿಫ್ಟಿನ ಹೊತ್ತು ಅವರ ಕೈಯಲ್ಲಿಲ್ಲ. ಪದವೀಧರನ ಕೈಯಲ್ಲಿ ಸ್ವಲ್ಪ ಹೆಚ್ಚು ಆಯ್ಕೆಗಳಿವೆ. ರಾತ್ರಿ ಹನ್ನೆರಡರ ನಂತರದ ರೀಲ್ಸ್ ಅನ್ನು ಯಾವ ಮ್ಯಾನೇಜರೂ ಕಡ್ಡಾಯ ಮಾಡಿಲ್ಲ.

ನಿದ್ದೆಗೆಟ್ಟ ದೇಹದಲ್ಲಿ ಏನಾಗುತ್ತದೆಂಬುದು ಊಹೆಯ ಮಾತಲ್ಲ. 1999ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಹನ್ನೊಂದು ಮಂದಿ ಆರೋಗ್ಯವಂತ ತರುಣರನ್ನು ಸತತ ಆರು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಅವರೂ ಹೆಚ್ಚುಕಡಿಮೆ ಇಂದು ಪದವಿ ಪಡೆದು ಇಲ್ಲಿ ಕುಳಿತಿರುವವರ ವಯಸ್ಸಿನವರೇ. ವಾರ ತುಂಬುವುದರೊಳಗೆ ಅವರ ದೇಹ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಸ್ಪಷ್ಟವಾಗಿ ಕುಗ್ಗಿತ್ತು. ಸಾಕಷ್ಟು ನಿದ್ದೆ ಮಾಡಿದ ಮೇಲೆ ಅದು ಸುಧಾರಿಸಿತು. ಆದರೆ ಆರು ರಾತ್ರಿಯ ಬದಲು ಆರು ವರ್ಷ ಹೀಗೇ ನಡೆದರೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬೆಂಬಲಿಸಿದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇದಕ್ಕೆಲ್ಲ ನಿದ್ದೆಯೊಂದೇ ಕಾರಣವಲ್ಲ, ಆದರೆ ಕಾರಣಗಳ ಪಟ್ಟಿಯಲ್ಲಿ ಅದನ್ನು ಬಿಡುವ ಕಾಲ ಹೋಯಿತು. ಹೃದಯದ ಆರೋಗ್ಯಕ್ಕೆ ಬೇಕಾದ ಅಂಶಗಳ ಪಟ್ಟಿಗೆ ಅಮೆರಿಕದ ಹೃದಯ ಸಂಘ 2022ರಲ್ಲಿ ಎಂಟನೆಯದಾಗಿ ನಿದ್ದೆಯನ್ನು ಸೇರಿಸಿತು. ವಯಸ್ಕರಿಗೆ ಅದು ಹೇಳುವ ಲೆಕ್ಕ ಏಳರಿಂದ ಒಂಬತ್ತು ಗಂಟೆ.

ಗೊರಕೆಯ ಮಾತನ್ನೂ ಇಲ್ಲೇ ಹೇಳಬೇಕು. ಗೊರಕೆ ಹೊಡೆದರೆ ಒಳ್ಳೇ ನಿದ್ದೆ ಎಂಬ ನಂಬಿಕೆ ಹಳ್ಳಿ ಪೇಟೆಗಳಲ್ಲಿ ಗಟ್ಟಿಯಾಗಿದೆ, ಮನೆಮಂದಿ ನಗುತ್ತಾರೆ, ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಾರೆ. ಜೋರು ಗೊರಕೆ ನಡುವೆ ನಿಂತು, ಉಸಿರು ಕಟ್ಟಿದಂತಾಗಿ, ಮತ್ತೆ ಒಮ್ಮೆಲೇ ಶುರುವಾದರೆ ಅದು ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆಯಿರಬಹುದು. ಅಂಥವರಿಗೆ ಬಿ.ಪಿ. ಏರುವುದೂ ಹಗಲು ತೂಕಡಿಸುವುದೂ ಹೆಚ್ಚು. ಆ ರೆಕಾರ್ಡಿಂಗನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಬದಲು ವೈದ್ಯರಿಗೆ ಕೇಳಿಸಿದರೆ ಉಪಯೋಗವಾದೀತು.

ಇನ್ನು ತಪಾಸಣೆ. ಮಂಡ್ಯ ಸೀಮೆಯಲ್ಲಿ ಅದಕ್ಕೆ ಅಡ್ಡಬರುವ ಮಾತು ಒಂದೇ: 'ಏನೂ ಆಗಕಿಲ್ಲ ಬುಡು.' ಈ ಧೈರ್ಯ ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ದಿಗಿಲಾಗಿ ಬದಲಾಗುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. 2025ರಲ್ಲಿ ಪಕ್ಕದ ಹಾಸನದಿಂದ ಎಳೆಯರ ಹಠಾತ್ ಸಾವಿನ ಸುದ್ದಿಗಳು ಬಂದಾಗ ಮೈಸೂರಿನ ಜಯದೇವದಲ್ಲೂ ಅದೇ ನೂಕುನುಗ್ಗಲು. ಹೀಗೆ ಬಂದವರ ನಡುವೆ, ನಿಜವಾಗಿ ಎದೆನೋವು ಬಂದವನು ಕಾಯಬೇಕಾಗುತ್ತದೆ. ದಿಗಿಲಿನ ತಪಾಸಣೆಗೆ ಇನ್ನೊಂದು ದೋಷವಿದೆ: ಇ.ಸಿ.ಜಿ. ಸರಿಯಿದೆ ಎಂದ ಕೂಡಲೇ ಮನೆಗೆ ಬಂದು ಮತ್ತೆ ಹತ್ತು ವರ್ಷ ಅತ್ತ ತಲೆಹಾಕದಿರುವುದು. ಬಿ.ಪಿ.ಯೂ ಸಕ್ಕರೆಯೂ ಆ ಹತ್ತು ವರ್ಷದಲ್ಲಿ ನೋವಿಲ್ಲದೆ ಏರುತ್ತವೆ.

ಹಾಗೆಂದು ಜಾಹೀರಾತಿನ 'ಫುಲ್ ಬಾಡಿ ಚೆಕಪ್' ಪ್ಯಾಕೇಜುಗಳಿಗೆ ಮೊದಲ ಸಂಬಳ ಸುರಿಯಬೇಕಿಲ್ಲ. ಎಪ್ಪತ್ತೆಂಬತ್ತು ಪರೀಕ್ಷೆ ಮಾಡಿಸಿದರೆ ಯಾವುದಾದರೂ ಒಂದು ಅಂಕಿ ಗೆರೆಯಾಚೆ ಬಿದ್ದೇ ಬೀಳುತ್ತದೆ. ಅದರ ಹಿಂದೆ ಇನ್ನಷ್ಟು ಪರೀಕ್ಷೆ, ಇನ್ನಷ್ಟು ಕಳವಳ. ಇಪ್ಪತ್ತೆರಡರ ಆರೋಗ್ಯವಂತರಿಗೆ ಬೇಕಾದದ್ದು ಸ್ವಲ್ಪವೇ: ಆಗಾಗ ಬಿ.ಪಿ., ತೂಕ, ಸೊಂಟದ ಸುತ್ತಳತೆ. ತೂಕ ಹೆಚ್ಚಿದ್ದರೆ ಅಥವಾ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯಿದ್ದರೆ ಅದರ ಪರೀಕ್ಷೆ. ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ ಮುಖ್ಯ. ದೇಶದಲ್ಲಿ 15ರಿಂದ 49ರ ವಯೋಮಾನದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆಯೆಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು. 'ಸದಾ ಸುಸ್ತು' ಎನ್ನುವವಳಿಗೆ ನಿದ್ದೆಯ ಜೊತೆಗೆ ಕಬ್ಬಿಣಾಂಶವೂ ಬೇಕಿರಬಹುದು.

ಮೂವತ್ತು ದಾಟಿದವರ ಲೆಕ್ಕ ಬೇರೆ. ಬಿ.ಪಿ., ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್, ಈ ಐದರ ತಪಾಸಣೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಊರಿನ ಆಶಾ ಕಾರ್ಯಕರ್ತೆ ಅದಕ್ಕಾಗಿಯೇ ಮನೆಮನೆಯಲ್ಲಿ ಫಾರಂ ತುಂಬುತ್ತಾರೆ. 2024ರಲ್ಲಿ ಕೋಲಾರದಿಂದ ಆರಂಭವಾದ ರಾಜ್ಯದ 'ಗೃಹ ಆರೋಗ್ಯ' ಯೋಜನೆಯಲ್ಲಿ ಸಿಬ್ಬಂದಿ ಮನೆಬಾಗಿಲಿಗೇ ಬರುತ್ತಾರೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿಯ ಬಾಯಲ್ಲಿ ಬಿಳಿ ಮಚ್ಚೆಯೋ ಮಾಯದ ಹುಣ್ಣೋ ಇದ್ದರೆ ಟಾರ್ಚ್ ಬೆಳಕಿನ ಎರಡು ನಿಮಿಷದಲ್ಲಿ ಕಾಣುತ್ತದೆ. ಕಾಣಬೇಕಾದರೆ ಅಜ್ಜಿ ಬಾಯಿ ತೆರೆಯಬೇಕು. ಆಶಾ ಬಂದಾಗ 'ನಮ್ಗೇನಾಗಿದ್ದದು' ಎಂದು ಕಳಿಸಿಬಿಡುವ ಮನೆಗಳು ಎಷ್ಟೋ.

ಈ ಸಭೆಯ ಪದವೀಧರರ ಕೆಲಸ ಶುರುವಾಗುವುದು ಅಲ್ಲಿ. ಲ್ಯಾಬಿನ ಇಂಗ್ಲಿಷ್ ರಿಪೋರ್ಟನ್ನು ಓದಿ ಹೇಳಬಲ್ಲ ಮೊದಲ ವ್ಯಕ್ತಿ ಇಲ್ಲಿನ ಎಷ್ಟೋ ಮನೆಗಳಲ್ಲಿ ಇಂದು ಗೌನು ಹಾಕಿ ಕುಳಿತಿದ್ದಾರೆ. ಅಪ್ಪನ ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125ರ ನಡುವೆ ಇದ್ದರೆ ಅದು ಎಚ್ಚರಿಕೆ, 126 ಮತ್ತು ಮೇಲೆ ಇದ್ದರೆ ಮತ್ತೊಮ್ಮೆ ನೋಡಿಸಿ ವೈದ್ಯರ ಬಳಿ ಹೋಗಲೇಬೇಕು, ಬಿ.ಪಿ. ಮತ್ತೆ ಮತ್ತೆ 140/90 ದಾಟಿದರೂ ಹಾಗೆಯೇ. ಇಷ್ಟು ತಿಳಿದ ಮಗಳು ಪಕ್ಕದಲ್ಲಿದ್ದರೆ, ಅಪ್ಪ ಮಾತ್ರೆಯನ್ನು ಒಂದು ತಿಂಗಳಿಗೇ 'ಗುಣವಾಯ್ತು' ಎಂದು ಬಿಡುವುದು ತಪ್ಪುತ್ತದೆ. ಸಂದೇಹ ಬಂದರೆ ತಾಲ್ಲೂಕು ಆಸ್ಪತ್ರೆಯಿದೆ, ಅದಕ್ಕೂ ಮೇಲೆ ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇದೆ.

ನೈಟ್ ಶಿಫ್ಟ್ ಸೇರುವವರಿಗಾಗಿ ಕೊನೆಯ ಮಾತು, ರಸ್ತೆಯ ಬಗ್ಗೆ. 2023ರ ಮಾರ್ಚ್‌ನಲ್ಲಿ ಮಂಡ್ಯದಲ್ಲೇ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದಲ್ಲಿ ಅಪಘಾತಗಳು ಹೆಚ್ಚಿ, ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥಕ್ಕೆ ಬೈಕ್, ಆಟೋ, ಟ್ರ್ಯಾಕ್ಟರ್ ಬಾರದಂತೆ ಮಾಡಲಾಯಿತು. ವೇಗಕ್ಕೆ ಕ್ಯಾಮೆರಾ ಬಂದವು. ತೂಕಡಿಕೆಯನ್ನು ಹಿಡಿಯುವ ಕ್ಯಾಮೆರಾ ಕಂಬದ ಮೇಲಿಲ್ಲ. ಹದಿನೇಳು ಗಂಟೆ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ ಶೇ. 0.05 ಮದ್ಯವಿರುವವನಷ್ಟೇ ಕುಂದಿರುತ್ತದೆಂದು ಪ್ರಯೋಗಗಳು ತೋರಿಸಿವೆ. ಭಾರತದ ಕಾನೂನು ಚಾಲಕನಿಗೆ ಬಿಟ್ಟಿರುವ ಮಿತಿ ಶೇ. 0.03. ಮದ್ದೂರಿನಲ್ಲಿ ನಿಲ್ಲಿಸಿ ವಡೆ ತಿಂದು ಕಾಫಿ ಕುಡಿದರೆ ಸ್ವಲ್ಪ ಹೊತ್ತು ಕಣ್ಣು ತೆರೆದಿರಬಹುದು, ನಿದ್ದೆಯ ಬಾಕಿ ಮಾತ್ರ ತೀರುವುದಿಲ್ಲ. ಮೇಲಾಗಿ ಆ ಕಾಫಿಯ ಕೆಫೀನಿನ ಅರ್ಧ ಅಂಶ ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿದ್ದು, ಮನೆಗೆ ಹೋಗಿ ಮಲಗಿದಾಗ ಕಾಟ ಕೊಡುತ್ತದೆ.

ಆದ್ದರಿಂದ ಶನಿವಾರ ಬೆಳಿಗ್ಗೆ ಶಿಫ್ಟ್ ಮುಗಿಸಿ ಊರಿಗೆ ಬರುವವರು ಬೈಕಿನ ಕೀಲಿಯನ್ನು ರೂಮಿನಲ್ಲೇ ಬಿಟ್ಟು ರೈಲು ಹತ್ತಲಿ. ಕಣ್ಣು ಹತ್ತಿ ಮಂಡ್ಯ ದಾಟಿಹೋಗಿ ಮೈಸೂರಿನಲ್ಲಿ ಎಚ್ಚರವಾದರೂ ಚಿಂತೆಯಿಲ್ಲ. ಅಲ್ಲಿಂದ ವಾಪಸು ಬರಲು ಬೇಕಾದಷ್ಟು ರೈಲುಗಳಿವೆ.