ಕಬ್ಬನ್ ಉದ್ಯಾನದ ಗ್ರಂಥಭವನ



ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ, ನೂರು ವರ್ಷಗಳನ್ನು ದಾಟಿದ ಮತ್ತೊಂದು ಕಟ್ಟಡವನ್ನು ಕುರಿತು ಎರಡು ಮಾತುಗಳನ್ನಾಡಬಯಸುತ್ತೇವೆ. ಅದು ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅಂದರೆ ರಾಜ್ಯ ಕೇಂದ್ರ ಗ್ರಂಥಾಲಯ. ಆ ಕೆಂಪು ಗೋಡೆಗಳ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಂಡವರು ನಮ್ಮಲ್ಲಿ ಅನೇಕರು. ಒಳಹೊಕ್ಕವರು ಎಷ್ಟು ಮಂದಿ?

ಕೆ. ಶೇಷಾದ್ರಿ ಅಯ್ಯರ್ ಅವರು 1883ರಿಂದ 1901ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಹೆಸರಘಟ್ಟದ ನೀರು ಬೆಂಗಳೂರಿಗೆ ಹರಿದುಬಂದುದು ಅವರ ಕಾಲದಲ್ಲಿ. ಶಿವನಸಮುದ್ರದ ವಿದ್ಯುತ್ ಯೋಜನೆಯೂ ಅವರದೇ. ಆದರೆ 1902ರಲ್ಲಿ ಆ ಶಕ್ತಿ ಕೋಲಾರದ ಚಿನ್ನದ ಗಣಿಗಳನ್ನು ತಲಪಿದಾಗ ಅದನ್ನು ಕಾಣಲು ಅವರು ಉಳಿದಿರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರಲ್ಲಿ, ಈ ಭವನ ಸಿದ್ಧವಾಯಿತು. ನೀರು ಬೆಳಕುಗಳನ್ನು ತಂದ ಮಹನೀಯರ ಹೆಸರಿನ ಮನೆಯಲ್ಲಿ ಪುಸ್ತಕಗಳು ನೆಲೆಸಿದುದು ನಮಗೆ ಬಹಳ ಉಚಿತವೆನಿಸುತ್ತದೆ.

ಭವನಕ್ಕಿಂತಲೂ ಮುಖ್ಯವಾದುದು 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ. ಇದರ ಹಿಂದೆ ಡಾ. ಎಸ್. ಆರ್. ರಂಗನಾಥನ್ ಅವರ ಮಾರ್ಗದರ್ಶನವಿತ್ತು. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಅವರು ಬೆಂಗಳೂರಿನಲ್ಲಿಯೇ ನೆಲೆಸಿ 1972ರಲ್ಲಿ ಇಲ್ಲಿಯೇ ನಿಧನರಾದರು. ಗ್ರಂಥಗಳನ್ನು ಬೀಗದೊಳಗಿಟ್ಟು ಕಾಯುವುದಲ್ಲ, ಓದುಗನ ಕೈಗೆ ತಲಪಿಸುವುದೇ ಗ್ರಂಥಪಾಲಕನ ಕರ್ತವ್ಯವೆಂದು ಅವರು ಜೀವನವಿಡೀ ಸಾಧಿಸಿದರು. ಈ ಕಾಯಿದೆಯಂತೆ ನಾವು ಕಟ್ಟುವ ಮನೆ ಕಂದಾಯದೊಡನೆ ಗ್ರಂಥಾಲಯ ಕರವೂ ಸೇರಿರುತ್ತದೆ. (ಬಾಡಿಗೆ ಮನೆಯವರು ತಮಗಿದು ಸಂಬಂಧಿಸಿದ್ದಲ್ಲವೆಂದು ತಿಳಿಯಬಾರದು, ಮಾಲೀಕರು ಬಾಡಿಗೆಯಲ್ಲಿ ಅದನ್ನು ಮರೆಯುವವರಲ್ಲ!) ಹಣ ಕೊಟ್ಟು ಪುಸ್ತಕವನ್ನು ಮಾತ್ರ ಬಿಟ್ಟುಬರುವುದು ವಿಚಿತ್ರ ವ್ಯಾಪಾರ.

ಹತ್ತು ಚದರಡಿಯ ಏಕಾಂತವೂ ಮನೆಯಲ್ಲಿ ದೊರೆಯದ ವಿದ್ಯಾರ್ಥಿಗಳು ನಮ್ಮ ಧರ್ಮಕೇಂದ್ರದಲ್ಲಿದ್ದಾರೆ. ಅವರ ತಾಯಂದಿರು ನಮ್ಮ ಬಳಿ ಬಂದು, “ಸ್ವಾಮಿ, ಹುಡುಗ ಎಲ್ಲಿ ಕುಳಿತು ಓದಬೇಕು?” ಎಂದು ಕೇಳುತ್ತಾರೆ. ಅಲ್ಲಿ ಮೇಜಿದೆ, ಮೌನವಿದೆ. ದೃಷ್ಟಿಹೀನರಿಗಾಗಿ ಬ್ರೈಲ್ ಗ್ರಂಥಗಳೂ ಇವೆ. ಜಾತಿ ಮತಗಳನ್ನು ಅಲ್ಲಿ ಯಾರೂ ವಿಚಾರಿಸುವುದಿಲ್ಲ.

ಬರುವ ಬೇಸಿಗೆ ರಜೆಯಲ್ಲಿ ನಮ್ಮ ಯುವಜನರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಸದಸ್ಯರನ್ನಾಗಿ ಮಾಡಿಸಬೇಕೆಂದು ಕೋರುತ್ತೇವೆ. ಬಸ್ಸಿನ ವೆಚ್ಚವನ್ನು ಧರ್ಮಕೇಂದ್ರವೇ ಭರಿಸುವುದು.