ಕೆಂಪು ಬಾವುಟವಿಲ್ಲದ ಹಡಗು



ಯುದ್ಧವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಫಿರಂಗಿ, ವಿಮಾನ, ಸಿಪಾಯಿ. ಇವೆಲ್ಲಕ್ಕೂ ಬೇಕಾದ ಮದ್ದುಗುಂಡುಗಳನ್ನು ಹೊತ್ತು ಸಪ್ತಸಮುದ್ರಗಳನ್ನು ದಾಟಿ ಬರುವ ಸರಕುಹಡಗನ್ನು ನೆನೆಯುವವರು ವಿರಳ. ಕಾವೇರಿಯ ಸೀಮೆಯ ಬೆಳಕವಾಡಿಯವರು ಹರಿಗೋಲನ್ನು ಬಲ್ಲರು. ಹರಿಗೋಲಿಗಾಗಲಿ ಹಡಗಿಗಾಗಲಿ ನಿಯಮ ಒಂದೇ: ಹೇರಿರುವುದೇನೆಂಬುದು ಹತ್ತಿರವಿರುವವರಿಗೆ ತಿಳಿದಿರಬೇಕು. ಈ ನಿಯಮವನ್ನು ಮರೆತ ಒಂದು ಹಡಗಿನ ಚರಿತ್ರೆಯನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಅದರ ಹೆಸರು ಫೋರ್ಟ್ ಸ್ಟಿಕೀನ್. 1942 ರಲ್ಲಿ ಕೆನಡಾ ದೇಶದ ಪ್ರಿನ್ಸ್ ರೂಪರ್ಟ್ ಎಂಬ ಬಂದರಿನಲ್ಲಿ ನಿರ್ಮಿತವಾದ ಈ ಹಡಗಿನ ಗಾತ್ರ 7,142 ಟನ್ನು. ಶತ್ರುಗಳ ಜಲಾಂತರ್ಗಾಮಿಗಳು ಮುಳುಗಿಸಿದ ಹಡಗುಗಳ ಕೊರತೆಯನ್ನು ತುಂಬಲು ತ್ವರೆಯಿಂದ ಕಟ್ಟಿದ ಹಡಗುಗಳಲ್ಲಿ ಇದೂ ಒಂದು. ಅದರ ಆಯುಸ್ಸು ಎರಡು ವರ್ಷಕ್ಕೂ ಕಡಿಮೆ.

1944 ರ ಫೆಬ್ರವರಿ 24 ರಂದು ಅದು ಇಂಗ್ಲೆಂಡಿನ ಬರ್ಕನ್‌ಹೆಡ್ಡಿನಿಂದ ಹೊರಟಿತು. ಒಡಲಲ್ಲಿ ಸುಮಾರು 1,400 ಟನ್ ಸ್ಫೋಟಕಗಳು, ಬಿಚ್ಚಿಟ್ಟ ಯುದ್ಧವಿಮಾನಗಳು, 31 ಪೆಟ್ಟಿಗೆಗಳಲ್ಲಿ ಚಿನ್ನದ ಗಟ್ಟಿಗಳು. ಕರಾಚಿಯಲ್ಲಿ ಕೆಲವು ಸಾಮಾನನ್ನು ಇಳಿಸಿ, ತೆರವಾದ ಸ್ಥಳಕ್ಕೆ 8,700 ಹತ್ತಿಯ ಮೂಟೆಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ತುಂಬಿದರು. ಒಂದು ಉಗ್ರಾಣದಲ್ಲಿ ಕೆಳಗೆ ಹತ್ತಿ, ಮೇಲೆ ಮದ್ದು! ಒಲೆಯ ಮೇಲೆ ಮದ್ದನ್ನಿಡುವ ಗೃಹಿಣಿ ಎಲ್ಲಿಯಾದರೂ ಉಂಟೆ? ಯುದ್ಧಕಾಲದಲ್ಲಿ ಹಡಗಿನ ಜಾಗಕ್ಕೆ ಅಷ್ಟು ಬೆಲೆ. ವಿವೇಕಕ್ಕೆ ಅಷ್ಟು ಅಗ್ಗ.

ಏಪ್ರಿಲ್ 12 ರಂದು ಹಡಗು ಮುಂಬಯಿಯ ವಿಕ್ಟೋರಿಯಾ ಡಾಕಿಗೆ ಸೇರಿತು. ವಿಜಾಪುರ, ಧಾರವಾಡ, ಬೆಳಗಾವಿ, ಕಾರವಾರಗಳ ಕನ್ನಡಿಗರಿಗೆ ಅಂದು ಅದೇ ಪ್ರಾಂತದ ರಾಜಧಾನಿ. ಅಪಾಯದ ಸರಕನ್ನು ಸಾರುವ ಕೆಂಪು ಬಾವುಟ ಹಡಗಿನ ಮೇಲೆ ಹಾರಲಿಲ್ಲ. ಎರಡು ದಿನಗಳಾದರೂ ಸ್ಫೋಟಕಗಳೆಲ್ಲ ಇಳಿದಿರಲಿಲ್ಲ.

14 ರ ಮಧ್ಯಾಹ್ನ ಸುಮಾರು 2 ಗಂಟೆಗೆ ಹೊಗೆ ಕಾಣಿಸಿತು. ಮೊದಲು ಬಂದುದು ಎರಡೇ ಪಂಪುಗಳು. ಅನಂತರ ಇನ್ನಷ್ಟು ಬಂದವು; 900 ಟನ್ನಿಗೂ ಮೀರಿ ನೀರು ಸುರಿದರೂ ಬೆಂಕಿಯ ಮೂಲ ಸಿಕ್ಕಲಿಲ್ಲ; ಸುರಿದ ನೀರೇ ಕುದಿಯಿತು. ಸುತ್ತಲಿನ ಹಡಗುಗಳಲ್ಲಿ ಕೂಲಿಗಳು ಏನೂ ತಿಳಿಯದೆ ಕೆಲಸ ಮಾಡುತ್ತಿದ್ದರು. 4 ಗಂಟೆ 6 ನಿಮಿಷಕ್ಕೆ ಹಡಗು ಎರಡು ತುಂಡಾಯಿತು. 4 ಗಂಟೆ 34 ನಿಮಿಷಕ್ಕೆ ಮತ್ತೊಂದು ಮಹಾಸ್ಫೋಟ. ಉರಿಯುವ ಹತ್ತಿ ಊರ ಮೇಲೆ ಮಳೆಗರೆಯಿತು. ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಸಿಮ್ಲಾದ ಭೂಕಂಪಮಾಪಕವೂ ಅದನ್ನು ಗುರುತಿಸಿತು. ಸತ್ತವರು 800 ಕ್ಕೂ ಹೆಚ್ಚು. ಸುಮಾರು 80,000 ಜನ ಮನೆ ಕಳೆದುಕೊಂಡರು. ಬೆಂಕಿಯೊಡನೆ ಹೋರಾಡಿ ಮಡಿದ ಅಗ್ನಿಶಾಮಕರು 66 ಮಂದಿ.

ಇಲ್ಲಿ ರೇಡಿಯೋ ಕೇಳುವ ನಾವು ಗಮನಿಸಬೇಕಾದ ಸಂಗತಿಯೊಂದುಂಟು. ಸರಕಾರದ ನಿರ್ಬಂಧದಿಂದ ವಾರ್ತೆ ನಮ್ಮ ದೇಶದಲ್ಲಿ ಹೊರಬೀಳಲಿಲ್ಲ. ಜಪಾನೀಯರ ವಶದಲ್ಲಿದ್ದ ಸೈಗಾನಿನ ರೇಡಿಯೋ ಮರುದಿನವೇ ಅದನ್ನು ಬಿತ್ತರಿಸಿತು. ನಮ್ಮ ಪತ್ರಕರ್ತರಿಗೆ ವಿವರ ಬರೆಯಲು ಅನುಮತಿ ದೊರೆತುದು ಮೇ ತಿಂಗಳಲ್ಲಿ. ಶತ್ರುವಿಗೆ ತಿಳಿದುದು ಸ್ವಜನರಿಗೆ ತಿಳಿಯದಾಯಿತು!

ಗುಟ್ಟು ಯುದ್ಧದ ಒಂದು ಆಯುಧವೆಂಬುದು ದಿಟ. ಆದರೆ ಪಕ್ಕದಲ್ಲಿ ನಿಂತು ದುಡಿಯುವವನಿಂದ ಅಪಾಯವನ್ನು ಮುಚ್ಚಿಟ್ಟರೆ ಆ ಆಯುಧ ತಿರುಗಿ ನಮ್ಮನ್ನೇ ಇರಿಯುವುದು. ಬೆಳಕವಾಡಿಯ ನೆರೆಯ ಶಿವನಸಮುದ್ರದಲ್ಲಿ 1902 ರಲ್ಲಿ ವಿದ್ಯುತ್ತು ಹುಟ್ಟಿತು. ದೀಪ ಬೆಳಗುವ ಶಕ್ತಿಯೇ ಮುಟ್ಟಿದರೆ ಕೊಲ್ಲುವುದರಿಂದ, ಅದರ ಕಂಬಕ್ಕೆ ಅಪಾಯದ ಫಲಕವನ್ನು ತೂಗಿಸುತ್ತಾರೆ. ಒಂದು ಮೊಳ ಕೆಂಪು ಬಟ್ಟೆಯ ಬೆಲೆ ಎಷ್ಟೆಂಬುದನ್ನು ಫೋರ್ಟ್ ಸ್ಟಿಕೀನ್ ಹೇಳುತ್ತದೆ.

ಭಾರತದಲ್ಲಿ ಪ್ರತಿವರ್ಷ ಏಪ್ರಿಲ್ 14 ರಿಂದ ಅಗ್ನಿಶಾಮಕ ಸಪ್ತಾಹವನ್ನು ಆಚರಿಸುವುದು ಆ ವೀರರ ನೆನಪಿಗಾಗಿ. ಅವರಿಗೆ ನಮಸ್ಕಾರವನ್ನು ಸಲ್ಲಿಸಿ ಈ ಭಾಷಣವನ್ನು ಮುಗಿಸುತ್ತೇನೆ.